ಯಾರ ನೀರು ಮೊದಲು, ಯಾರ ಮಾತು ಮೊದಲು?

ಕಾವೇರಿ ಕೊಳ್ಳದ ಜಲಾಶಯಗಳಲ್ಲಿ ಹಾರಂಗಿ ಚಿಕ್ಕದು. ಕುಶಾಲನಗರದ ಸಮೀಪ ಹುದುಗೂರಿನ ಬಳಿ 1982ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 2,859 ಅಡಿ. ಅದು ಹಿಡಿಯುವ ನೀರು 8.5 ಟಿಎಂಸಿ. ಅಂದರೆ ಕೃಷ್ಣರಾಜಸಾಗರದ ಆರನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಅದರ ಬೆನ್ನಿಗೆ ಪುಷ್ಪಗಿರಿಯ ಸಾಲು ಇದೆ. ಮುಂಗಾರು ಸರಿಯಾಗಿ ಹಿಡಿದ ವರ್ಷ ಜುಲೈ ತಿಂಗಳಿನಲ್ಲೇ ಹಾರಂಗಿ ತುಂಬಿಬಿಡುತ್ತದೆ. ಆಗ ಅಲ್ಲಿನ ಎಂಜಿನಿಯರರ ಮುಂದೆ ಇರುವುದು ಒಂದೇ ಲೆಕ್ಕ: ಒಳಗೆ ಬರುತ್ತಿರುವುದೆಷ್ಟು, ಹೊರಗೆ ಬಿಡಬಹುದಾದ್ದೆಷ್ಟು, ನಡುವೆ ಹಿಡಿದಿಡಲು ಉಳಿದಿರುವ ಜಾಗವೆಷ್ಟು? ನಾಲ್ಕು ಕ್ರೆಸ್ಟ್ ಗೇಟುಗಳನ್ನು ಎಷ್ಟು ಎತ್ತಬೇಕು ಎಂಬುದು ಈ ಲೆಕ್ಕದಿಂದ ತೀರ್ಮಾನವಾಗುತ್ತದೆ.

ಇದೇ ಲೆಕ್ಕವನ್ನು, ಬಹುಮಟ್ಟಿಗೆ ಇದೇ ಮಾತುಗಳಲ್ಲಿ, ಇನ್ನೊಂದು ಬಗೆಯ ಎಂಜಿನಿಯರರೂ ಮಾಡುತ್ತಾರೆ. ಅವರ ಮುಂದೆ ಗೇಟು, ಚಕ್ರ, ಸನ್ನೆಗೋಲು ಯಾವುದೂ ಇರುವುದಿಲ್ಲ. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಗೆರೆ, ಅದರ ಮುಂದೆ ಅವರು ಟೈಪು ಮಾಡುವ ಒಂದೆರಡು ಸಾಲು ಆಜ್ಞೆ. ಆ ಸಾಲುಗಳ ಮೇಲೆಯೇ ಒಂದು ಕಚೇರಿಯ, ಒಂದು ಜಿಲ್ಲೆಯ, ಕೆಲವೊಮ್ಮೆ ಒಂದು ದೇಶದ ಅಂತರಜಾಲದಲ್ಲಿ ಯಾರ ಮಾತು ಮೊದಲು ಹೋಗಬೇಕು, ಯಾರದು ಕಾಯಬೇಕು, ಯಾರದು ಬಿದ್ದುಹೋದರೂ ಚಿಂತೆಯಿಲ್ಲ ಎಂಬುದು ನಿರ್ಧಾರವಾಗುತ್ತದೆ. ಜಾಲದ ದಟ್ಟಣೆಯ ಧೋರಣೆ ಎಂದು ಇದಕ್ಕೆ ಹೆಸರು. ನಮ್ಮ ಕೈಯಲ್ಲಿರುವ ಫೋನು ಒಮ್ಮೊಮ್ಮೆ ಯಾಕೆ ಮುಗ್ಗರಿಸುತ್ತದೆ ಎಂದು ತಿಳಿಯಬೇಕಾದರೆ ಈ ಧೋರಣೆಯ ಪರಿಚಯ ಸ್ವಲ್ಪವಾದರೂ ಬೇಕು.

ವಯಸ್ಸಾದ ಓದುಗರಿಗೆ ಟ್ರಂಕ್ ಕಾಲ್ ನೆನಪಿರಬಹುದು. ಮಡಿಕೇರಿಯಿಂದ ಬೆಂಗಳೂರಿಗೆ ಮಾತನಾಡಬೇಕಾದರೆ ವಿನಿಮಯ ಕೇಂದ್ರಕ್ಕೆ ಬುಕ್ ಮಾಡಿ ಕಾಯಬೇಕಿತ್ತು. ಸಾಧಾರಣ ಕರೆ ಒಂದು ದರ, ಅರ್ಜೆಂಟ್ ಕರೆಗೆ ಹೆಚ್ಚು, ‘ಲೈಟ್ನಿಂಗ್’ ಕರೆಗೆ ಅದಕ್ಕೂ ಹಲವು ಪಟ್ಟು. ತಂತಿಗಳು ಕಡಿಮೆ, ಮಾತನಾಡುವವರು ಹೆಚ್ಚು. ಆದ್ದರಿಂದ ಸರದಿ, ಸರದಿಯಲ್ಲಿ ದರ್ಜೆ. ಅದೂ ಒಂದು ದಟ್ಟಣೆಯ ಧೋರಣೆಯೇ. ಅದನ್ನು ಜಾರಿ ಮಾಡುತ್ತಿದ್ದವರು ಮಾತ್ರ ಸ್ವಿಚ್‌ಬೋರ್ಡಿನ ಮುಂದೆ ಕೂತ ಆಪರೇಟರು. ಒಮ್ಮೆ ತಂತಿ ಸಿಕ್ಕಿತೆಂದರೆ, ನೀವು ಮಾತನಾಡಲಿ ಸುಮ್ಮನಿರಲಿ, ಅದು ನಿಮ್ಮದು.

ಅಂತರಜಾಲದಲ್ಲಿ ಹೀಗೆ ಯಾರಿಗೂ ಪೂರ್ತಿ ತಂತಿ ಸಿಗುವುದಿಲ್ಲ. ನಿಮ್ಮ ಪತ್ರ, ಚಿತ್ರ, ಧ್ವನಿ ಎಲ್ಲವೂ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದುಹೋಗುತ್ತವೆ. ಒಂದೊಂದು ಪೊಟ್ಟಣ ಸಾಮಾನ್ಯವಾಗಿ ಹೆಚ್ಚೆಂದರೆ 1,500 ಬೈಟುಗಳದ್ದು. ಎಲ್ಲರ ಪೊಟ್ಟಣಗಳೂ ಒಂದೇ ದಾರಿಯಲ್ಲಿ ಬೆರೆತು ಸಾಗುತ್ತವೆ. ದಾರಿ ಕೂಡುವಲ್ಲಿ ರೂಟರ್ ಎಂಬ ಯಂತ್ರ ಅವುಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಂಡು ಮುಂದಕ್ಕೆ ಕಳಿಸುತ್ತದೆ. ಹಿಡಿದಿಡುವ ಜಾಗ ತುಂಬಿದರೆ ಮುಂದೆ ಬಂದದ್ದನ್ನು ಸುಮ್ಮನೆ ಬೀಳಿಸಿಬಿಡುತ್ತದೆ. ಬಿದ್ದದ್ದನ್ನು ಕಳಿಸಿದವರೇ ಮತ್ತೆ ಕಳಿಸಬೇಕು.

ಈ ಏರ್ಪಾಟು ಸರಳವಾದದ್ದು, ಅಗ್ಗವಾದದ್ದು. ಆದರೆ 1986ರ ಅಕ್ಟೋಬರಿನಲ್ಲಿ ಅದರ ಬಂಡವಾಳ ಬಯಲಾಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ಇದ್ದ ದೂರ ಸುಮಾರು 400 ಗಜ. ಆ ನಡುವಿನ ಸಂಪರ್ಕದಲ್ಲಿ ಸೆಕೆಂಡಿಗೆ 32,000 ಬಿಟ್ಟುಗಳಷ್ಟು ಸಾಗುತ್ತಿದ್ದ ಮಾಹಿತಿ ಒಮ್ಮೆಲೇ 40 ಬಿಟ್ಟಿಗೆ ಇಳಿಯಿತು. ತಂತಿ ತುಂಡಾಗಿರಲಿಲ್ಲ. ಬಿದ್ದ ಪೊಟ್ಟಣಗಳನ್ನು ಎಲ್ಲರೂ ಮತ್ತೆ ಮತ್ತೆ ಕಳಿಸತೊಡಗಿದ್ದರು. ಕಳಿಸಿದಷ್ಟೂ ದಟ್ಟಣೆ, ದಟ್ಟಣೆಯಾದಷ್ಟೂ ಬೀಳುವಿಕೆ. ವ್ಯಾನ್ ಜಾಕಬ್ಸನ್ ಎಂಬ ವಿಜ್ಞಾನಿ ಇದನ್ನು ಬಿಡಿಸಿ ನೋಡಿ, ಪೊಟ್ಟಣ ಬಿದ್ದರೆ ಅದನ್ನು ‘ನಿಧಾನಿಸು’ ಎಂಬ ಸೂಚನೆಯಾಗಿ ಓದಿಕೊಳ್ಳಲು ಕಂಪ್ಯೂಟರುಗಳಿಗೆ ಕಲಿಸಿದರು. 1988ರಲ್ಲಿ ಅವರ ಪ್ರಬಂಧ ಬಂತು. ಅಂದಿನಿಂದ ಪೊಟ್ಟಣವನ್ನು ಬೀಳಿಸುವುದು ಕೇವಲ ನಷ್ಟವಲ್ಲ, ಅದೊಂದು ಮಾತೂ ಹೌದು.

ಸರಿ, ಎಲ್ಲರೂ ತಾವಾಗಿಯೇ ನಿಧಾನಿಸಿದರೆ ಒಳ್ಳೆಯದು. ನಿಧಾನಿಸದವರನ್ನು ಏನು ಮಾಡುವುದು? ಇಲ್ಲಿ ನೀರಿನ ಹೋಲಿಕೆ ಹೋಲಿಕೆಯಾಗಿ ಉಳಿಯದೆ ನೇರವಾಗಿ ಶಾಸ್ತ್ರದ ಒಳಗೇ ಬರುತ್ತದೆ. 1986ರಲ್ಲಿ ಜೊನಾಥನ್ ಟರ್ನರ್ ಎಂಬ ಅಮೆರಿಕದ ಪ್ರಾಧ್ಯಾಪಕರು ಮುಂದಿಟ್ಟ ಉಪಾಯದ ಹೆಸರೇ ‘ಸೋರುವ ಬಕೆಟ್ಟು’. ತಳದಲ್ಲಿ ತೂತಿರುವ ಬಕೆಟ್ಟಿಗೆ ಮೇಲಿನಿಂದ ಎಷ್ಟು ರಭಸವಾಗಿ ಸುರಿದರೂ ಕೆಳಗೆ ಬೀಳುವುದು ಒಂದೇ ಸಮನಾದ ಧಾರೆ. ಸುರಿದದ್ದು ಮಿತಿ ಮೀರಿದರೆ ಅಂಚಿನಿಂದ ಹೊರಚೆಲ್ಲುತ್ತದೆ. ಹಾರಂಗಿಯ ಅಣೆಕಟ್ಟೆ ಮಾಡುವುದೂ ಇದನ್ನೇ: ಪುಷ್ಪಗಿರಿಯ ಅಬ್ಬರದ ಮಳೆ ಒಂದು ಬದಿ, ಕಾಲುವೆಯ ಹಿತಮಿತದ ಹರಿವು ಇನ್ನೊಂದು ಬದಿ.

ಇದರ ತಮ್ಮನಂತಿರುವುದು ‘ಟೋಕನ್ ಬಕೆಟ್ಟು’. ಇದರಲ್ಲಿ ನೀರಿನ ಬದಲು ಟೋಕನ್ನುಗಳು ಒಂದೇ ವೇಗದಲ್ಲಿ ಬಕೆಟ್ಟಿಗೆ ಬೀಳುತ್ತಿರುತ್ತವೆ. ಪೊಟ್ಟಣ ಹೊರಡಬೇಕಾದರೆ ತನ್ನ ತೂಕದಷ್ಟು ಟೋಕನ್ ಕೊಟ್ಟು ಹೋಗಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದವರ ಬಕೆಟ್ಟಿನಲ್ಲಿ ಟೋಕನ್ನು ಕೂಡಿಕೊಂಡಿರುತ್ತದೆ. ಅವರು ಒಮ್ಮೆಗೇ ನಾಲ್ಕಾರು ಪೊಟ್ಟಣ ಕಳಿಸಬಹುದು. ಬಕೆಟ್ಟು ತುಂಬಿದ ಮೇಲೆ ಬಿದ್ದ ಟೋಕನ್ನು ಲೆಕ್ಕಕ್ಕಿಲ್ಲ.

ಆಜ್ಞೆಯ ಸಾಲಿನಲ್ಲಿ ಇದು ಹೇಗಿರುತ್ತದೆ ನೋಡೋಣ. ಲಿನಕ್ಸ್ ವ್ಯವಸ್ಥೆಯಲ್ಲಿ ಈ ಕೆಲಸಕ್ಕಿರುವ ಉಪಕರಣದ ಹೆಸರು ‘ಟಿಸಿ’, ಟ್ರಾಫಿಕ್ ಕಂಟ್ರೋಲ್ ಎಂಬುದರ ಹ್ರಸ್ವರೂಪ. 1999ರಲ್ಲಿ ಹೊರಬಂದ ಲಿನಕ್ಸ್‌ನ 2.2ನೇ ಆವೃತ್ತಿಯ ಕಾಲಕ್ಕೆ ಬಳಕೆಗೆ ಬಂದ ಇದರ ಮೂಲ ಕೆಲಸ ರಷ್ಯದ ಅಲೆಕ್ಸಿ ಕುಜ್ನೆಟ್ಸೊವ್ ಅವರದು. ಒಂದು ಆಜ್ಞೆ ಹೀಗಿರುತ್ತದೆ: ‘ಟಿಸಿ ಕ್ಯೂಡಿಸ್ಕ್ ಆ್ಯಡ್ ಡೆವ್ ಇಟಿಎಚ್0 ರೂಟ್ ಟಿಬಿಎಫ್ ರೇಟ್ 1ಎಂಬಿಟ್ ಬರ್ಸ್ಟ್ 32ಕೆಬಿಟ್ ಲೇಟೆನ್ಸಿ 400ಎಂಎಸ್’.

ಮಂತ್ರದಂತೆ ಕೇಳಿಸಿದರೂ ಇದರಲ್ಲಿ ಗುಟ್ಟೇನಿಲ್ಲ. ‘ಕ್ಯೂಡಿಸ್ಕ್’ ಎಂದರೆ ಸರದಿಯ ಶಿಸ್ತು. ‘ಡೆವ್ ಇಟಿಎಚ್0’ ಎಂಬುದು ಯಾವ ಬಾಗಿಲು ಎಂಬುದರ ಗುರುತು. ಗೇಟಿನ ಸಂಖ್ಯೆ ಎನ್ನಿ. ‘ಟಿಬಿಎಫ್’ ಎಂದರೆ ಟೋಕನ್ ಬಕೆಟ್ಟಿನ ಜರಡಿ. ‘ರೇಟ್’ ಟೋಕನ್ ಬೀಳುವ ವೇಗ, ಇಲ್ಲಿ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟು. ‘ಬರ್ಸ್ಟ್’ ಬಕೆಟ್ಟಿನ ಗಾತ್ರ; 32 ಕಿಲೋಬಿಟ್ ಎಂದರೆ 4,000 ಬೈಟು, ಅಂದರೆ ಎರಡು ದೊಡ್ಡ ಪೊಟ್ಟಣಗಳಿಗಿಂತ ಸ್ವಲ್ಪ ಹೆಚ್ಚು. ಕೊನೆಯ ಸಂಖ್ಯೆ ಬಹಳ ಮುಖ್ಯವಾದದ್ದು: ಸರದಿಯಲ್ಲಿ ಒಂದು ಪೊಟ್ಟಣ ಹೆಚ್ಚೆಂದರೆ 400 ಮಿಲಿಸೆಕೆಂಡು ಕಾಯಬಹುದು, ಅದಕ್ಕಿಂತ ಹೆಚ್ಚು ಕಾಯಬೇಕಾಗುವಂತಿದ್ದರೆ ಬಾಗಿಲಲ್ಲೇ ಬೀಳಿಸಿಬಿಡು ಎಂದರ್ಥ. ಒಂದು ಸಾಲಿನಲ್ಲಿ ಗೇಟು ಯಾವುದು, ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು, ಯಾವಾಗ ಕೈಚೆಲ್ಲಬೇಕು ಎಂಬುದೆಲ್ಲ ಬಂದುಹೋಯಿತು.

ಈ ವಿದ್ಯೆಯಲ್ಲಿ ಎರಡು ದಾರಿಗಳಿವೆ. ಹೊಸಬರು ಇವೆರಡನ್ನೂ ಒಂದೇ ಎಂದು ಭಾವಿಸುವುದುಂಟು. ಮಿತಿ ಮೀರಿದ್ದನ್ನು ಅಲ್ಲೇ ಬೀಳಿಸುವುದು ಪೊಲೀಸ್ ಕ್ರಮ. ಹಿಡಿದಿಟ್ಟು ನಿಧಾನವಾಗಿ ಬಿಡುವುದು ತಿದ್ದುವ ಕ್ರಮ. ತಿದ್ದುವ ಕ್ರಮ ಸೌಮ್ಯವಾದದ್ದು, ಆದರೆ ಅದಕ್ಕೆ ಜಲಾಶಯ ಬೇಕು. ಅದೂ ಅಲ್ಲದೆ ಅದು ಹೊರಹೋಗುವ ಹರಿವಿಗೆ ಮಾತ್ರ ಸಲ್ಲುತ್ತದೆ. ಕಾಲುವೆಗೆ ಗೇಟು ಹಾಕಬಹುದು, ಪುಷ್ಪಗಿರಿಯ ಮಳೆಗೆ ಹಾಕಲಾಗುವುದಿಲ್ಲ. ರೂಟರ್ ಕೂಡ ಅಷ್ಟೆ. ತನ್ನ ಕಡೆಗೆ ಬರುತ್ತಿರುವುದನ್ನು ಅದು ತಡೆಯಲಾರದು. ಬಂದದ್ದರಲ್ಲಿ ಕೆಲವನ್ನು ಬೀಳಿಸಿ, ಕಳಿಸುವವರು ಅರ್ಥಮಾಡಿಕೊಂಡು ನಿಧಾನಿಸಲಿ ಎಂದು ಕಾಯಬಹುದು. ಮಳೆಗೆ ಆ ವಿವೇಕವಿಲ್ಲ ಎಂಬುದೊಂದೇ ವ್ಯತ್ಯಾಸ.

ಹಳೆಯ ಮೈಸೂರಿನ ಬಯಲು ಸೀಮೆಯ ಕೆರೆಗಳಲ್ಲಿ ಈ ಕೆಲಸಕ್ಕೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ತನ್ನ ಪಾಲು ಪಡೆಯುವುದು. ಹಲವು ಊರುಗಳಲ್ಲಿ ಇದು ದಲಿತ ಕುಟುಂಬಗಳ ಕೆಲಸವಾಗಿತ್ತು. ನೀರಿನ ನ್ಯಾಯ ಹೇಳುವವನಿಗೆ ಆ ನೀರಿನಲ್ಲಿ ಬೆಳೆಯುವ ಗದ್ದೆ ಇಲ್ಲದಿರುವುದು ನಮ್ಮ ಸಮಾಜದ ಒಂದು ವಿಚಿತ್ರ. ಮುಂದೆ ವಿಶ್ವೇಶ್ವರಯ್ಯನವರು ಮನುಷ್ಯನ ಕೈಯೇ ಬೇಡವೆಂಬಂತೆ ನೀರಿನ ಮಟ್ಟಕ್ಕೆ ತಕ್ಕಂತೆ ತಾನಾಗಿಯೇ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. ರಾತ್ರಿ ಯಾರೂ ಎದ್ದಿರದಿದ್ದರೂ ನಿಯಮ ಎದ್ದಿರುತ್ತದೆ. ಆಜ್ಞೆಯ ಸಾಲಿನಲ್ಲಿ ಬರೆದ ಧೋರಣೆಯೂ ಇಂಥದೇ ಗೇಟು.

ದೊಡ್ಡ ಕಚೇರಿಗಳಲ್ಲಿ, ದೂರಸಂಪರ್ಕ ಕಂಪನಿಗಳಲ್ಲಿ ಬಳಕೆಯಲ್ಲಿರುವ ಸಿಸ್ಕೊ ರೂಟರುಗಳಲ್ಲಿ ಈ ಬರಹ ಇನ್ನಷ್ಟು ವಿವರವಾದದ್ದು. ಅದು ಮೂರು ಮೆಟ್ಟಿಲಿನಲ್ಲಿ ನಡೆಯುತ್ತದೆ. ‘ಕ್ಲಾಸ್-ಮ್ಯಾಪ್’ ಎಂಬಲ್ಲಿ ಯಾರು ಯಾರು ಎಂದು ಗುಂಪು ಮಾಡುವುದು: ಧ್ವನಿ ಒಂದು ಗುಂಪು, ಲೆಕ್ಕಪತ್ರ ಒಂದು, ವಿಡಿಯೊ ಒಂದು. ‘ಪಾಲಿಸಿ-ಮ್ಯಾಪ್’ ಎಂಬಲ್ಲಿ ಯಾವ ಗುಂಪಿಗೆ ಎಷ್ಟು ಎಂದು ಬರೆಯುವುದು. ‘ಸರ್ವಿಸ್-ಪಾಲಿಸಿ’ ಎಂಬಲ್ಲಿ ಈ ಬರಹವನ್ನು ಯಾವ ಬಾಗಿಲಿಗೆ ಅಂಟಿಸಬೇಕು ಎಂದು ಹೇಳುವುದು. ಮೂರನೆಯದನ್ನು ಮರೆತರೆ ಮೊದಲೆರಡು ಎಷ್ಟೇ ಚೆನ್ನಾಗಿದ್ದರೂ ಕಡತದಲ್ಲೇ ಉಳಿಯುತ್ತವೆ. ಸರ್ಕಾರದ ಎಷ್ಟೋ ಆದೇಶಗಳ ಗತಿ ಇದೇ ಅಲ್ಲವೆ?

ಧ್ವನಿಗೆ ಸಾಮಾನ್ಯವಾಗಿ ಮೊದಲ ಸ್ಥಾನ. ಒಬ್ಬರು ಆಡಿದ ಮಾತು ಇನ್ನೊಬ್ಬರನ್ನು ತಲುಪಲು 150 ಮಿಲಿಸೆಕೆಂಡಿನೊಳಗೆ ಆದರೆ ಸಂಭಾಷಣೆ ಸಲೀಸು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದಕ್ಕಿಂತ ತಡವಾದರೆ ಒಬ್ಬರ ಮಾತಿನ ಮೇಲೊಬ್ಬರು ಬೀಳತೊಡಗುತ್ತಾರೆ. ಆದರೆ ಅನುಭವಿ ಎಂಜಿನಿಯರರು ಮೊದಲ ಸ್ಥಾನ ಕೊಡುವಾಗಲೇ ಅದಕ್ಕೊಂದು ಲಗಾಮನ್ನೂ ಹಾಕುತ್ತಾರೆ. ‘ಪ್ರಯಾರಿಟಿ ಪರ್ಸೆಂಟ್ 20’ ಎಂದು ಬರೆದರೆ, ಧ್ವನಿ ಎಲ್ಲರಿಗಿಂತ ಮುಂದೆ ಹೋಗಬಹುದು, ಆದರೆ ದಟ್ಟಣೆಯ ಹೊತ್ತಿನಲ್ಲಿ ಐದರಲ್ಲಿ ಒಂದು ಪಾಲನ್ನು ಮೀರುವಂತಿಲ್ಲ. ಲಗಾಮಿಲ್ಲದ ಆದ್ಯತೆ ಉಳಿದವರನ್ನು ಉಪವಾಸ ಕೆಡವುತ್ತದೆ. ಕಾಲುವೆಯ ತಲೆಭಾಗದವರು ಬೇಕಾದಷ್ಟು ಹರಿಸಿಕೊಂಡರೆ ಕೊನೆಭಾಗದ ರೈತರ ಗದ್ದೆ ಬಿರುಕು ಬಿಡುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಪಾಲಿಸಿ-ಮ್ಯಾಪಿನ ತುದಿಯಲ್ಲಿ ‘ಕ್ಲಾಸ್-ಡಿಫಾಲ್ಟ್’ ಎಂಬ ಒಂದು ಸಾಲು ಇರುತ್ತದೆ. ಯಾವ ಗುಂಪಿಗೂ ಸೇರದವರೆಲ್ಲ ಅಲ್ಲಿ. ಧೋರಣೆ ಬರೆದವರ ಮನಸ್ಸು ಹೇಗಿದೆ ಎಂದು ತಿಳಿಯಲು ನಾನಾದರೆ ಮೊದಲು ಆ ಸಾಲನ್ನು ಓದುತ್ತೇನೆ.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸೋಮವಾರಪೇಟೆ ತಾಲ್ಲೂಕಿನ ಶಿಕ್ಷಕರೊಬ್ಬರು ಮೊಬೈಲ್ ಸಂಕೇತ ಸಿಗಲೆಂದು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಗೋಪುರವೇ ದೂರವಿರುವಲ್ಲಿ ಯಾವ ಆಜ್ಞೆಯೂ ಉಪಯೋಗಕ್ಕಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಈ ವಿದ್ಯೆ ಮಾರುವವರು ಹೇಳುವುದಿಲ್ಲ: ಧೋರಣೆ ಒಂದು ಬಿಟ್ಟನ್ನೂ ಹೆಚ್ಚಿಗೆ ಹುಟ್ಟಿಸುವುದಿಲ್ಲ. ಇರುವುದರಲ್ಲಿ ಯಾರು ಕಾಯಬೇಕು ಎಂದಷ್ಟೇ ಹೇಳುತ್ತದೆ. ದಿನದ ಡೇಟಾ ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್ಟಿಗೆ ಇಳಿಯುವುದು ಓದುಗರ ಅನುಭವಕ್ಕೆ ಬಂದಿರಬಹುದು. ಮೂರು ಮೆಗಾಬೈಟಿನ ಒಂದು ಫೋಟೊ ಆ ವೇಗದಲ್ಲಿ ಬರಲು ಆರು ನಿಮಿಷಕ್ಕೂ ಹೆಚ್ಚು ಬೇಕು. ಗೋಪುರ ಅದೇ, ಫೋನು ಅದೇ. ಎಲ್ಲೋ ಒಂದು ಕಡೆ ಟೋಕನ್ ಬೀಳುವ ವೇಗ ಬದಲಾಗಿದೆ.

ಈಗ ಹಾರಂಗಿಗೆ ಮರಳೋಣ, ಏಕೆಂದರೆ ಜಾಲದ ಎಂಜಿನಿಯರರು ಬಹಳ ತಡವಾಗಿ ಕಲಿತ ಪಾಠವೊಂದು ಅಲ್ಲಿ ಹಳೆಯದು. ಜಲಾಶಯ ತುಂಬಿದರೆ ನಮಗೆಲ್ಲ ಸಂತೋಷ, ಬಾಗಿನ ಅರ್ಪಿಸುತ್ತೇವೆ. ಆದರೆ ತುಂಬಿದ ಜಲಾಶಯ ಪ್ರವಾಹದ ಮಟ್ಟಿಗೆ ಇಲ್ಲದ ಜಲಾಶಯಕ್ಕೆ ಸಮಾನ. ಬಂದಷ್ಟನ್ನೂ ಹಾಗೆಯೇ ಕೆಳಕ್ಕೆ ಬಿಡಬೇಕಾಗುತ್ತದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 50,000 ಘನ ಅಡಿ ನೀರು ಬರುತ್ತಿದೆ ಎಂದರೆ, ಎರಡು ಟಿಎಂಸಿ ಜಾಗ ಖಾಲಿ ಇದ್ದರೂ ಏನನ್ನೂ ಹೊರಬಿಡದೆ ಹನ್ನೊಂದು ಗಂಟೆ ಮಾತ್ರ ತಡೆಯಬಹುದು. 2018ರ ಆಗಸ್ಟಿನಲ್ಲಿ, ಮತ್ತೆ 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದಾಗ ಹಾರಂಗಿಯಿಂದ ಎಷ್ಟು ಮೊದಲೇ, ಎಷ್ಟು ಬಿಡಬೇಕಿತ್ತು ಎಂಬ ಚರ್ಚೆ ಕೊಡಗಿನಲ್ಲಿ ಜೋರಾಗಿಯೇ ನಡೆಯಿತು. ಮುಂಚಿತವಾಗಿ ಖಾಲಿ ಮಾಡಿದರೆ, ಮಳೆ ಕೈಕೊಟ್ಟಾಗ ಪಿರಿಯಾಪಟ್ಟಣದ ರೈತ ಕೇಳುತ್ತಾನೆ. ಖಾಲಿ ಮಾಡದಿದ್ದರೆ ಕುಶಾಲನಗರದ ಗೃಹಿಣಿ ಕೇಳುತ್ತಾಳೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ.

ಜಾಲದಲ್ಲಿ ಏನಾಯಿತೆಂದರೆ, ನೆನಪಿನ ಚಿಪ್ಪುಗಳು ಅಗ್ಗವಾದಂತೆ ತಯಾರಕರು ರೂಟರುಗಳಲ್ಲಿ, ಮೋಡೆಮ್‌ಗಳಲ್ಲಿ ಹಿಡಿದಿಡುವ ಜಾಗವನ್ನು ದೊಡ್ಡದು ಮಾಡುತ್ತ ಹೋದರು. ಪೊಟ್ಟಣ ಬೀಳುವುದು ಕೆಟ್ಟದ್ದು, ಆದ್ದರಿಂದ ಬೀಳದ ಹಾಗೆ ನೋಡಿಕೊಂಡರಾಯಿತು ಎಂಬ ಸದ್ಭಾವನೆ. ಫಲವಾಗಿ ಪೊಟ್ಟಣಗಳು ಬೀಳುತ್ತಿರಲಿಲ್ಲ, ಕಾಯುತ್ತಿದ್ದವು. ಸೆಕೆಂಡಿಗೆ ಒಂದು ಮೆಗಾಬಿಟ್ ಸಾಗುವ ದಾರಿಯ ಮುಂದೆ 256 ಕಿಲೋಬೈಟ್ ಸರದಿ ನಿಂತರೆ, ಹೊಸದಾಗಿ ಬಂದ ಪೊಟ್ಟಣ ಎರಡು ಸೆಕೆಂಡು ಕಾಯಬೇಕು. ಮನೆಯಲ್ಲೊಬ್ಬರು ದೊಡ್ಡ ವಿಡಿಯೊ ಕಳಿಸುತ್ತಿದ್ದರೆ ಇನ್ನೊಬ್ಬರ ಫೋನ್ ಮಾತು ಕಡಿದು ಕಡಿದು ಬರುವುದು ಹೀಗೆ. ಬೀಳದಿದ್ದರಿಂದ ಕಳಿಸುವವರಿಗೆ ‘ನಿಧಾನಿಸು’ ಎಂಬ ಸೂಚನೆಯೂ ಮುಟ್ಟುತ್ತಿರಲಿಲ್ಲ. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರರು 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಪತ್ತೆ ಮಾಡಿ ‘ಬಫರ್‌ಬ್ಲೋಟ್’ ಎಂದು ಕರೆದರು. ಸರದಿಯ ಹೊಟ್ಟೆಯುಬ್ಬರ ಎನ್ನಬಹುದು.

ಮದ್ದು ಬಂದದ್ದು 2012ರಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜಾಕಬ್ಸನ್ ಅವರಿಂದ. ಸರದಿ ಎಷ್ಟು ಉದ್ದವಿದೆ ಎಂದು ನೋಡಬೇಡಿ, ಪೊಟ್ಟಣ ಎಷ್ಟು ಹೊತ್ತು ಕಾಯಿತು ಎಂದು ನೋಡಿ ಎಂಬುದು ಅವರ ಸೂತ್ರ. ಒಮ್ಮೆಗೇ ಬಂದು ಬೇಗ ಕರಗುವ ಸರದಿ ಒಳ್ಳೆಯದು. ಅದಕ್ಕಾಗಿಯೇ ಜಾಗ ಇರುವುದು. ಕರಗದೆ ನಿಂತೇ ಇರುವ ಸರದಿ ಹೂಳಿನಂತೆ. ಜಾಗ ತಿನ್ನುತ್ತದೆ, ಉಪಯೋಗಕ್ಕಿಲ್ಲ. 2018ರ ಭೂಕುಸಿತದ ಮಣ್ಣು ಹಾರಂಗಿಯ ಒಡಲಿಗೆ ಸೇರಿದ್ದನ್ನು ಕಂಡವರಿಗೆ ಈ ಭೇದ ಸುಲಭವಾಗಿ ಹೊಳೆಯುತ್ತದೆ. ನೂರು ಮಿಲಿಸೆಕೆಂಡಿನ ಅವಧಿಯಲ್ಲಿ ಒಮ್ಮೆಯಾದರೂ ಕಾಯುವಿಕೆ ಐದು ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದಿದ್ದರೆ ಪೊಟ್ಟಣಗಳನ್ನು ಬೀಳಿಸಲು ಆರಂಭಿಸುವುದು, ಇಷ್ಟೇ ಆ ಮದ್ದು. ‘ಎಫ್‌ಕ್ಯೂ-ಕೋಡೆಲ್’ ಎಂಬ ಹೆಸರಿನಲ್ಲಿ ಅದು ಲಿನಕ್ಸ್‌ನಲ್ಲಿದೆ. ಹಿಂದೆ ಹೇಳಿದ ಆಜ್ಞೆಯಲ್ಲಿ ‘ಟಿಬಿಎಫ್’ ಮತ್ತು ಅದರ ಮುಂದಿನ ಸಂಖ್ಯೆಗಳ ಜಾಗದಲ್ಲಿ ಆ ಒಂದು ಹೆಸರನ್ನು ಬರೆದರೆ ಸಾಕು, ಸಂಖ್ಯೆಗಳನ್ನು ಅದೇ ನೋಡಿಕೊಳ್ಳುತ್ತದೆ.

ಬರೆಯುವವರ ಕೈಯಲ್ಲಿ ಇಷ್ಟು ಅಧಿಕಾರವಿದ್ದರೆ ದುರುಪಯೋಗವೂ ಸಾಧ್ಯ. ಹಣ ಕೊಟ್ಟ ಒಂದು ಕಂಪನಿಯ ವಿಡಿಯೊ ಸರಾಗ, ಕೊಡದವರದು ಕುಂಟುತ್ತ. ಇಷ್ಟಕ್ಕೆ ಎರಡೇ ಸಾಲು ಸಾಕು, ಬಳಕೆದಾರರಿಗೆ ಕಾರಣವೂ ತಿಳಿಯುವುದಿಲ್ಲ. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2016ರ ಫೆಬ್ರವರಿಯಲ್ಲಿ ಮಾಹಿತಿಯ ಬಗೆ ನೋಡಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ತಾಟಸ್ಥ್ಯದ ಕುರಿತ ಅದರ ಶಿಫಾರಸುಗಳನ್ನು ಸರ್ಕಾರ 2018ರ ಜುಲೈಯಲ್ಲಿ ಒಪ್ಪಿತು. ದಟ್ಟಣೆಯನ್ನು ಸಂಭಾಳಿಸಲು ಸಕಾರಣವಾದ ಕ್ರಮಕ್ಕೆ ಅದರಲ್ಲಿ ಅವಕಾಶವಿದೆ. ಯಾವುದು ಸಕಾರಣ ಎಂಬಲ್ಲಿ ಜಗಳ ಉಳಿದುಕೊಂಡಿದೆ.

ನೀರಿನಲ್ಲೂ ಅಷ್ಟೆ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಹರಿಸಬೇಕಾದ್ದು ವರ್ಷಕ್ಕೆ 177.25 ಟಿಎಂಸಿ. ತಿಂಗಳವಾರು ಪಟ್ಟಿಯಲ್ಲಿ ಜೂನಿಗೆ 9.19, ಆಗಸ್ಟಿಗೆ 45.95, ಜನವರಿಗೆ 2.76. ಆಗಸ್ಟಿನ ಪಾಲನ್ನು ದಿನಕ್ಕೆ ಹಂಚಿದರೆ ಸರಾಸರಿ 17,000 ಕ್ಯೂಸೆಕ್ ಆಗುತ್ತದೆ. ಗೇಟು, ವೇಗ, ಅವಧಿ ಎಲ್ಲವೂ ನಮೂದಾಗಿರುವ ಅಚ್ಚುಕಟ್ಟಾದ ಆಜ್ಞೆ. ಮಳೆ ಬಾರದ ವರ್ಷ ಕೊರತೆಯನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಿಕೊಳ್ಳಿ ಎಂಬ ತತ್ವವೂ ಇದೆ; ಆದರೆ ಯಾವ ದಿನ, ಯಾವ ಅಳತೆಯ ಮೇಲೆ ಎಂಬುದು ಎರಡೂ ರಾಜ್ಯಗಳು ಒಪ್ಪಿದ ಸಂಖ್ಯೆಯಾಗಿ ಬಂದಿಲ್ಲ. ಆದ್ದರಿಂದಲೇ 2023ರಲ್ಲಿ ಮಂಡ್ಯ ಮತ್ತೆ ಬೀದಿಗಿಳಿಯಿತು. ಟಿಸಿಯ ಆಜ್ಞೆಯಲ್ಲಿ ‘ಲೇಟೆನ್ಸಿ’ ಎಂಬ ಕೊನೆಯ ಪದವನ್ನೂ ಅದರ ಬದಲಿಗಿರುವ ‘ಲಿಮಿಟ್’ ಎಂಬ ಪದವನ್ನೂ ಬಿಟ್ಟು ಬರೆದು ನೋಡಿ. ಕಂಪ್ಯೂಟರು ಅದನ್ನು ಸ್ವೀಕರಿಸುವುದೇ ಇಲ್ಲ.

ಕೊನೆಯದಾಗಿ ಈ ವೃತ್ತಿಯವರ ಒಂದು ಅಭ್ಯಾಸ. ದೂರದ ಊರಿನ ರೂಟರಿನ ಧೋರಣೆಯನ್ನು ಕೂತಲ್ಲಿಂದಲೇ ಬದಲಿಸುವಾಗ ಒಂದು ಅಕ್ಷರ ತಪ್ಪಿದರೂ ಆ ರೂಟರಿನ ದಾರಿಯೇ ಮುಚ್ಚಿಹೋಗಬಹುದು. ಆಗ ಸರಿಪಡಿಸಲು ಘಟ್ಟ ಹತ್ತಿ ಹೋಗಬೇಕು. ಆದ್ದರಿಂದ ಅವರು ಮೊದಲು ‘ರೀಲೋಡ್ ಇನ್ 10’ ಎಂದು ಬರೆಯುತ್ತಾರೆ. ಹತ್ತು ನಿಮಿಷದಲ್ಲಿ ನೀನಾಗಿಯೇ ಹೊಸದಾಗಿ ಆರಂಭವಾಗು ಎಂದರ್ಥ. ಹೊಸ ಆಜ್ಞೆಗಳನ್ನು ಉಳಿಸದೆ ಹಾಗೆಯೇ ಜಾರಿ ಮಾಡಿ ನೋಡುತ್ತಾರೆ. ಸಂಪರ್ಕ ಕಡಿದುಹೋದರೆ ಹತ್ತು ನಿಮಿಷದ ಬಳಿಕ ರೂಟರು ಹಳೆಯ ಧೋರಣೆಯೊಂದಿಗೆ ಏಳುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’ ಎಂದು ಬರೆದು, ಹೊಸದನ್ನು ಉಳಿಸಿ, ಮನೆಗೆ ಹೋಗುತ್ತಾರೆ.